ಪಿಎಚ್‌ಡಿ ಬಿಟ್ಟು ಅತಿಥಿ ಉಪನ್ಯಾಸಕಿಯಾಗಿ ಸೇರಿಬಿಡಲಾ?

ಪ್ರಶ್ನೆ: ಮೇಡಂ, ನನಗೆ 30 ವರ್ಷ. ಯಾದಗಿರಿ ಕಡೆಯವಳು, ಪರಿಶಿಷ್ಟ ಜಾತಿ. ಅಪ್ಪ ಇಲ್ಲ, ಅವ್ವ ಕೂಲಿ ಮಾಡುತ್ತಾಳೆ. ನಾನು ಚಿಕ್ಕವಳಿದ್ದಾಗ ವರ್ಷದಲ್ಲಿ ಆರು ತಿಂಗಳು ಬೆಂಗಳೂರಿಗೆ ಗುಳೆ ಹೋಗುತ್ತಿದ್ದೆವು. ಮನೆಯಲ್ಲಿ ಹತ್ತನೇ ಕ್ಲಾಸು ದಾಟಿದವಳು ನಾನೊಬ್ಬಳೇ. 2023ರ ಆರಂಭದಲ್ಲಿ ಸಮಾಜಶಾಸ್ತ್ರದಲ್ಲಿ ಪಿಎಚ್‌ಡಿಗೆ ಸೇರಿದೆ. ಗುಳೆ ಹೋಗುವ ಮನೆಗಳ ಮಕ್ಕಳ ಓದು ನನ್ನ ವಿಷಯ. ಬಿಎ 62, ಎಂಎ 64 ಪರ್ಸೆಂಟ್. ಉಪನ್ಯಾಸಕರ ಅರ್ಹತಾ ಪರೀಕ್ಷೆಗಳಲ್ಲಿ ರಾಜ್ಯದ ಕೆಸೆಟ್ ಆಗಿದೆ, ರಾಷ್ಟ್ರಮಟ್ಟದ ನೆಟ್ ಆಗಿಲ್ಲ. ಫೆಲೋಶಿಪ್ ದುಡ್ಡು ಬರದೆ ಎಂಟು ತಿಂಗಳಾಯಿತು. ಹೋದ ತಿಂಗಳು ಪ್ರಗತಿ ವರದಿ ಮಂಡಿಸಿದಾಗ ಒಬ್ಬ ಪ್ರೊಫೆಸರ್ ‘ಇದು ನಿನ್ನದೇ ಕತೆ ಅಲ್ವಾ, ಇದರಲ್ಲಿ ಸಂಶೋಧನೆ ಎಲ್ಲಿದೆ?’ ಅಂದರು. ಗೈಡ್ ಒಳ್ಳೆಯವರು, ಆದರೆ ಅಧ್ಯಾಯ ಕೊಟ್ಟು ನಾಲ್ಕು ತಿಂಗಳಾದರೂ ಓದಿಲ್ಲ. ಇಂಗ್ಲಿಷ್ ಪುಸ್ತಕ ಓದಲು ಹೆಣಗಾಡುತ್ತೇನೆ. ಜೊತೆಯವರು ‘ನಿಂಗೇನು ಬಿಡು, ಕೋಟಾ ಇದೆ’ ಅಂತಾರೆ. ಒಬ್ಬರು 3,500 ರೂಪಾಯಿಗೆ ಹತ್ತು ದಿನದಲ್ಲಿ ಸಂಶೋಧನಾ ಪತ್ರಿಕೆಯಲ್ಲಿ ಪೇಪರ್ ಹಾಕಿಸಿಕೊಡುತ್ತೇನೆ ಅಂದಿದ್ದಾರೆ. ನಮ್ಮೂರ ಹತ್ತಿರದ ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿ ಕೆಲಸ ಸಿಗುವ ಹಾಗಿದೆ. ಪಿಎಚ್‌ಡಿ ಬಿಟ್ಟು ಸೇರಿಬಿಡಲಾ? ‘ಇದು ಮುಗಿಯೋದು ಯಾವಾಗ?’ ಅಂತ ಅವ್ವ ಕೇಳುತ್ತಾಳೆ. ನನ್ನ ಹತ್ತಿರ ಉತ್ತರ ಇಲ್ಲ.

ಉತ್ತರ: ನಿಮ್ಮ ಪತ್ರವನ್ನು ಮೂರು ಸಲ ಓದಿದೆ. ಮೊದಲ ಸಲ ಇದು ಕೆಲಸದ ಪ್ರಶ್ನೆ ಅನ್ನಿಸಿತು. ಮೂರನೇ ಸಲ ಓದುವಾಗ ಅದರ ಕೆಳಗೆ ಇನ್ನೊಂದು ಪ್ರಶ್ನೆ ಕಂಡಿತು. ‘ನಾನು ಈ ಜಾಗಕ್ಕೆ ತಕ್ಕವಳಾ?’ ಅಂತ. ಎಂಟು ತಿಂಗಳು ದುಡ್ಡಿಲ್ಲದೆ ಇದ್ದವರಿಗೆ ಇವೆರಡೂ ಒಂದೇ ಪ್ರಶ್ನೆಯ ಹಾಗೆ ಕಾಣುತ್ತವೆ. ದಯವಿಟ್ಟು ಬೇರೆ ಮಾಡಿ ನೋಡಿ. ಕೈ ಖಾಲಿ ಇರುವುದು ಲೆಕ್ಕದ ವಿಷಯ. ಅದರಿಂದ ನಿಮ್ಮ ಯೋಗ್ಯತೆಯ ಬಗ್ಗೆ ಏನೂ ಗೊತ್ತಾಗುವುದಿಲ್ಲ.

ನೇರ ಉತ್ತರ ಮೊದಲು ಹೇಳಿಬಿಡುತ್ತೇನೆ. ಬಿಡಬೇಡಿ. ಆದರೆ ಈಗಿರುವ ಹಾಗೇ ಮುಂದುವರಿಯಲೂ ಬೇಡಿ.

ಯಾಕೆ ಬಿಡಬಾರದು ಅನ್ನುವುದಕ್ಕೆ ಒಂದು ಸಣ್ಣ ಲೆಕ್ಕ ಮಾಡೋಣ. ಯುಜಿಸಿಯ (ವಿಶ್ವವಿದ್ಯಾಲಯ ಅನುದಾನ ಆಯೋಗ) 2018ರ ನಿಯಮಾವಳಿಯಲ್ಲಿ, ವಿಶ್ವವಿದ್ಯಾಲಯದ ಸಹಾಯಕ ಪ್ರಾಧ್ಯಾಪಕ ಹುದ್ದೆಯ ಸಂದರ್ಶನಕ್ಕೆ ಯಾರನ್ನು ಕರೆಯಬೇಕು ಅಂತ ತೀರ್ಮಾನಿಸಲು 100 ಅಂಕದ ಒಂದು ಪಟ್ಟಿ ಇದೆ. ಬಹಳ ಜನ ಸಂಶೋಧನಾರ್ಥಿಗಳು ಇದನ್ನು ಒಮ್ಮೆಯೂ ತೆರೆದು ನೋಡಿರುವುದಿಲ್ಲ. ಅದರಲ್ಲಿ ನಿಮ್ಮ ಬಿಎಗೆ 13 ಅಂಕ, ಎಂಎಗೆ 23, ಕೆಸೆಟ್‌ಗೆ 3. ಒಟ್ಟು 39. ಪಿಎಚ್‌ಡಿ ಮುಗಿಸಿದರೆ ಅದೊಂದಕ್ಕೇ 30. ಪಾಠ ಮಾಡಿದ ಅನುಭವಕ್ಕೆ ವರ್ಷಕ್ಕೆ 2, ಗರಿಷ್ಠ 10. ಅಂದರೆ ಇವತ್ತು ಪಿಎಚ್‌ಡಿ ಬಿಟ್ಟು ಐದು ವರ್ಷ ಪಾಠ ಮಾಡಿದರೂ ನೀವು ನಿಲ್ಲುವುದು 49ರಲ್ಲಿ. ಮುಗಿಸಿದರೆ 69, ಅದರ ಮೇಲೆ ಪೇಪರ್‌ಗಳದ್ದು ಬೇರೆ. ಕಾಲೇಜು ಹುದ್ದೆಗಳಿಗೆ ಅಂಕ ಹಂಚಿಕೆ ಬೇರೆ ಇದೆ. 2025ರ ಜನವರಿಯಲ್ಲಿ ಯುಜಿಸಿ ಹೊಸ ಕರಡನ್ನೂ ಹೊರಡಿಸಿದೆ. ಹಾಗಾಗಿ ಅರ್ಜಿ ಹಾಕುವ ದಿನ ಆ ಅಧಿಸೂಚನೆಯಲ್ಲಿ ಯಾವ ನಿಯಮ ಅಂತ ಬರೆದಿದೆಯೋ ಅದನ್ನೇ ನೋಡಿ. ಒಂದು ಮಾತು ನೆನಪಿರಲಿ: ಈ ಅಂಕ ಸಂದರ್ಶನದ ಬಾಗಿಲವರೆಗೆ ಮಾತ್ರ. ಒಳಗೆ ಹೋದ ಮೇಲೆ ಆಯ್ಕೆ ನಡೆಯುವುದು ಸಂದರ್ಶನದ ಮೇಲೆ.

ಪಿಎಚ್‌ಡಿ ಇಲ್ಲದಿದ್ದರೆ ಬಾಗಿಲೇ ಇಲ್ಲ ಅನ್ನುವುದು ಮಾತ್ರ ಸುಳ್ಳು. 2023ರ ಜುಲೈ 1ರಿಂದ ಸಹಾಯಕ ಪ್ರಾಧ್ಯಾಪಕ ಹುದ್ದೆಗೆ ನೆಟ್ ಅಥವಾ ಕೆಸೆಟ್‌ನಂಥ ಸೆಟ್ ಕನಿಷ್ಠ ಅರ್ಹತೆ, ಪಿಎಚ್‌ಡಿ ಕಡ್ಡಾಯ ಅಲ್ಲ. ನಮ್ಮ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಿಗೆ 2021ರಲ್ಲಿ 1,242 ಹುದ್ದೆ ಕರೆದಾಗ ಕೆಇಎ (ಕರ್ನಾಟಕ ಪರೀಕ್ಷಾ ಪ್ರಾಧಿಕಾರ) ಲಿಖಿತ ಪರೀಕ್ಷೆ ನಡೆಸಿತು. ಕೆಸೆಟ್ ಆದವರೂ ಅದನ್ನು ಬರೆಯಬಹುದಿತ್ತು. ಅಂಥ ಪರೀಕ್ಷೆ ಮತ್ತೆ ಕರೆದರೆ ಬಿಡಬೇಡಿ. ನಿಮ್ಮದು ಯಾದಗಿರಿ ಜಿಲ್ಲೆ. ಕಲ್ಯಾಣ ಕರ್ನಾಟಕದವರ ಮೀಸಲಾತಿಗೆ ಬೇಕಾದ 371 ಜೆ ಪ್ರಮಾಣಪತ್ರ ಈಗಲೇ ಮಾಡಿಸಿ ಇಟ್ಟುಕೊಳ್ಳಿ. ಕೊನೇ ವಾರದಲ್ಲಿ ಆ ಕಾಗದಕ್ಕೆ ಓಡಾಡಿ ಅವಕಾಶ ಕಳೆದುಕೊಂಡವರನ್ನು ನೋಡಿದ್ದೇನೆ.

ಈಗ ದುಡ್ಡಿನ ವಿಷಯ. ಇದರ ಬಗ್ಗೆ ಯೂನಿವರ್ಸಿಟಿಯಲ್ಲಿ ಯಾರೂ ಬಾಯಿಬಿಟ್ಟು ಮಾತಾಡುವುದಿಲ್ಲ. ನಾನೇ ಮೊದಲು ಮಾತಾಡುತ್ತೇನೆ.

ನಾನು ಪಿಎಚ್‌ಡಿ ಮಾಡುವಾಗ ಬೇರೆ ರಾಜ್ಯದ ಒಂದು ಸೆಮಿನಾರಿಗೆ ಪೇಪರ್ ಒಪ್ಪಿಗೆಯಾಯಿತು. ‘ಪ್ರಯಾಣದ ಖರ್ಚು ಕೊಡುತ್ತೇವೆ’ ಅಂತ ಪತ್ರದಲ್ಲಿ ಇತ್ತು. ಆ ಪತ್ರ ಹಿಡಿದು ತುಂಬ ಖುಷಿಪಟ್ಟೆ. ಹೋದ ಮೇಲೆ ಗೊತ್ತಾಯಿತು, ಮೊದಲು ನಾವು ಖರ್ಚು ಮಾಡಬೇಕು, ಆಮೇಲೆ ಟಿಕೆಟ್ ಅಂಟಿಸಿ ಬಿಲ್ ಕೊಡಬೇಕು. ವಾಪಸ್ ಬರುವ ಟಿಕೆಟಿಗೆ ದುಡ್ಡು ಉಳಿಸಬೇಕಿತ್ತು. ಅದಕ್ಕೆ ರೂಮ್ ಮಾಡದೆ ಎರಡು ರಾತ್ರಿ ರೈಲ್ವೆ ಸ್ಟೇಷನ್ನಿನ ಹೆಂಗಸರ ವೇಟಿಂಗ್ ರೂಮಿನಲ್ಲಿ ಕಳೆದೆ. ಬೆಳಗ್ಗೆ ಅಲ್ಲೇ ಸೀರೆ ಸರಿಮಾಡಿಕೊಂಡು ಹೋಗಿ ಪೇಪರ್ ಓದಿದೆ. ಬಿಲ್ಲಿನ ದುಡ್ಡು ಬಂದದ್ದು ನಾಲ್ಕು ತಿಂಗಳ ನಂತರ. ಜೊತೆಯಲ್ಲಿದ್ದವರಿಗೆ ಅವರ ಮನೆಯಿಂದ ದುಡ್ಡು ಬಂದಿತ್ತು. ಅವರು ಸಂಜೆ ಊಟಕ್ಕೆ ಕೂತು, ಯಾರು ಯಾವ ಪತ್ರಿಕೆಗೆ ಬರೆಯುತ್ತಿದ್ದಾರೆ, ಎಲ್ಲಿ ಹುದ್ದೆ ಖಾಲಿಯಾಗುತ್ತಿದೆ ಅಂತ ಮಾತಾಡಿಕೊಂಡರು. ನಾನು ಸ್ಟೇಷನ್ನಿಗೆ ಹೋಗಿದ್ದೆ. ಆ ಊಟದಲ್ಲಿ ನಾನು ಕಳೆದುಕೊಂಡದ್ದು ಬರೀ ಊಟ ಅಲ್ಲ.

ಮೊದಲ ತಲೆಮಾರಿನವರ ಕೊರತೆ ಹೆಚ್ಚಾಗಿ ಇಂಥದ್ದೇ. ಬುದ್ಧಿ ಕಡಿಮೆ ಇರುವುದಿಲ್ಲ. ಕೈಯಲ್ಲಿ ಮುಂಗಡ ದುಡ್ಡು ಇರುವುದಿಲ್ಲ, ಹೇಳಿಕೊಡುವ ಅಕ್ಕನೋ ಮಾವನೋ ಇರುವುದಿಲ್ಲ. ಯುಜಿಸಿ ಪಟ್ಟಿ ತೆರೆದು ನೋಡು ಅಂತ ಹೇಳುವವರು ಮನೆಯಲ್ಲೇ ಇದ್ದರೆ ಅದು ಊಟದ ಮಾತು. ಇಲ್ಲದಿದ್ದರೆ ನಾಲ್ಕು ವರ್ಷ ಗೊತ್ತೇ ಆಗುವುದಿಲ್ಲ.

ಹಾಗಾಗಿ ಈ ವಾರದ ಮೊದಲ ಕೆಲಸ ಫೆಲೋಶಿಪ್ಪಿನದ್ದು. ಬಾಯಿಮಾತಿನಲ್ಲಿ ಕೇಳುವುದನ್ನು ನಿಲ್ಲಿಸಿ. ಒಂದು ಪುಟದ ಅರ್ಜಿ ಬರೆಯಿರಿ. ಯಾವ ತಿಂಗಳಿಂದ ಯಾವ ತಿಂಗಳವರೆಗೆ ಬಾಕಿ, ಒಟ್ಟು ಎಷ್ಟು, ಹಾಜರಾತಿ ಪತ್ರ ಮತ್ತು ಪ್ರಗತಿ ವರದಿಯನ್ನು ಯಾವ ದಿನ ಕೊಟ್ಟಿದ್ದೀರಿ. ಕಚೇರಿಯಲ್ಲಿ ಕೊಟ್ಟು ನಿಮ್ಮ ಪ್ರತಿಯ ಮೇಲೆ ಸೀಲು, ಸ್ವೀಕೃತಿ ಸಂಖ್ಯೆ ಹಾಕಿಸಿಕೊಳ್ಳಿ. ನಾನು ಹಿಂದೆ ಬಿದ್ದು ನೋಡಿದ ಕಡತಗಳಲ್ಲಿ ತಡೆ ಇದ್ದದ್ದು ಸಣ್ಣ ಜಾಗದಲ್ಲಿ. ವಿಭಾಗದ ಮುಖ್ಯಸ್ಥರ ಒಂದು ಸಹಿ ಇಲ್ಲ, ಹಿಂದಿನ ಕಂತಿನ ಬಳಕೆ ಪ್ರಮಾಣಪತ್ರ ಹೋಗಿಲ್ಲ, ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ ಆಗಿಲ್ಲ. ನಿಮ್ಮ ಹಾಗೆ ಬಾಕಿ ಇರುವವರು ಇನ್ನೂ ಇರುತ್ತಾರೆ. ಎಲ್ಲರೂ ಸೇರಿ ಒಂದೇ ಅರ್ಜಿ ಕೊಡಿ, ಒಬ್ಬರ ಮೇಲೆ ಕಣ್ಣು ಬೀಳುವುದಿಲ್ಲ. ಆಗಲೂ ಉತ್ತರ ಬರದಿದ್ದರೆ ಮಾಹಿತಿ ಹಕ್ಕಿನಲ್ಲಿ 10 ರೂಪಾಯಿ ಕಟ್ಟಿ, ‘ನನ್ನ ಬಿಲ್ಲು ಯಾವ ದಿನ ಯಾರ ಮುಂದೆ ಇತ್ತು’ ಅಂತ ಕೇಳಿ. 30 ದಿನದಲ್ಲಿ ಉತ್ತರ ಕೊಡಬೇಕು. ಕೆಲವು ಸಲ ಈ ಪ್ರಶ್ನೆ ಹೋದ ಕೂಡಲೇ ಬಿಲ್ಲೇ ಮುಂದೆ ಹೋಗಿಬಿಡುತ್ತದೆ.

ಎರಡನೆಯದು, ನೆಟ್ ಮತ್ತೆ ಬರೆಯಿರಿ. ಕೆಸೆಟ್ ಇದ್ದ ಮೇಲೆ ನೆಟ್ ಯಾಕೆ ಅಂತ ಸುಮ್ನೆ ಇರಬೇಡಿ. ನೆಟ್‌ನಲ್ಲಿ ಹೆಚ್ಚು ಅಂಕ ಬಂದವರಿಗೆ ಸಿಗುವ ಸಂಶೋಧನಾ ಫೆಲೋಶಿಪ್ ಜೆಆರ್‌ಎಫ್‌ಗೆ ವಯಸ್ಸಿನ ಮಿತಿ 30. ನಿಮಗೆ 5 ವರ್ಷ ಸಡಿಲಿಕೆ ಇದೆ, ಅಂದರೆ ಇನ್ನೂ ಕಾಲ ಇದೆ. 2023ರ ಜನವರಿಯಿಂದ ಜೆಆರ್‌ಎಫ್ ತಿಂಗಳಿಗೆ 37,000 ರೂಪಾಯಿ, ಸೀನಿಯರ್ ಫೆಲೋ ಆದ ಮೇಲೆ 42,000. ಮನೆ ಬಾಡಿಗೆ ಭತ್ಯೆ ಬೇರೆ. ಜೆಆರ್‌ಎಫ್ ಕೈತಪ್ಪಿದರೂ ಪರಿಶಿಷ್ಟ ಜಾತಿಯವರಿಗೆ ನ್ಯಾಷನಲ್ ಫೆಲೋಶಿಪ್ ಇದೆ. ಅದರ ಆಯ್ಕೆಯೂ ನೆಟ್ ಅಂಕದ ಮೇಲೆಯೇ. ನೆಟ್ ಅರ್ಜಿ ತುಂಬುವಾಗ ಆ ಫೆಲೋಶಿಪ್ಪಿನ ಭಾಗವನ್ನು ಅವಸರದಲ್ಲಿ ದಾಟಿಬಿಡಬೇಡಿ.

ಇನ್ನು ಅತಿಥಿ ಉಪನ್ಯಾಸಕಿ ಕೆಲಸ. ಅದನ್ನು ನಾನು ಕೀಳಾಗಿ ಕಾಣುವುದಿಲ್ಲ. ರಾಜ್ಯದ ಸರ್ಕಾರಿ ಕಾಲೇಜುಗಳು ನಡೆಯುತ್ತಿರುವುದೇ ಅತಿಥಿ ಉಪನ್ಯಾಸಕರ ಬಲದ ಮೇಲೆ. ಆದರೆ ಅದರ ನೇಮಕ ಒಂದು ಶೈಕ್ಷಣಿಕ ವರ್ಷಕ್ಕೆ. ಕಾರ್ಯಭಾರ ಕಡಿಮೆಯಾದರೆ, ಕಾಯಂ ಉಪನ್ಯಾಸಕರು ವರ್ಗವಾಗಿ ಬಂದರೆ ನೀವು ಹೊರಗೆ. ಸೇವಾ ಭದ್ರತೆಗಾಗಿ ಅವರು ವರ್ಷಗಳಿಂದ ಹೋರಾಡುತ್ತಿದ್ದಾರೆ. ಗೌರವಧನವೂ ತಿಂಗಳುಗಟ್ಟಲೆ ತಡವಾಗುತ್ತದೆ. ಒಂದು ಬಾಕಿಯಿಂದ ತಪ್ಪಿಸಿಕೊಳ್ಳಲು ಹೋಗಿ ಇನ್ನೊಂದು ಬಾಕಿಗೆ ಸಿಕ್ಕಿಕೊಳ್ಳಬಾರದು ಅಲ್ವಾ?

ಅದಕ್ಕಿಂತ ದೊಡ್ಡ ಅಪಾಯ ಇನ್ನೊಂದಿದೆ. ಪೂರ್ಣಾವಧಿ ಸಂಶೋಧನಾರ್ಥಿಯಾಗಿ ಫೆಲೋಶಿಪ್ ಪಡೆಯುತ್ತಾ ಇನ್ನೊಂದು ಕಡೆ ಸಂಬಳ ತೆಗೆದುಕೊಂಡರೆ, ಪಡೆದ ಫೆಲೋಶಿಪ್ಪನ್ನೆಲ್ಲ ವಾಪಸ್ ಕಟ್ಟು ಅಂತ ಹೇಳಬಹುದು. ‘ಎಲ್ಲರೂ ಮಾಡ್ತಾರೆ, ಯಾರು ನೋಡ್ತಾರೆ’ ಅಂತ ಸಲಹೆ ಕೊಡುವವರು ಆ ದಿನ ನಿಮ್ಮ ಜೊತೆ ನಿಲ್ಲುವುದಿಲ್ಲ. ಮನೆ ನಡೆಯಲೇಬೇಕು, ಬೇರೆ ದಾರಿಯೇ ಇಲ್ಲ ಅಂತಾದರೆ ಅರೆಕಾಲಿಕ ನೋಂದಣಿಗೆ ಬದಲಾಯಿಸಿಕೊಳ್ಳಿ. ಯುಜಿಸಿಯ 2022ರ ಪಿಎಚ್‌ಡಿ ನಿಯಮದಲ್ಲಿ ಅರೆಕಾಲಿಕಕ್ಕೆ ಅವಕಾಶ ಇದೆ, ಕೆಲಸ ಕೊಟ್ಟವರಿಂದ ನಿರಾಕ್ಷೇಪಣಾ ಪತ್ರ ಬೇಕು. ಮಧ್ಯದಲ್ಲಿ ಬದಲಾಯಿಸಲು ನಿಮ್ಮ ವಿಶ್ವವಿದ್ಯಾಲಯ ಬಿಡುತ್ತದಾ ಅಂತ ಅಲ್ಲಿನ ನಿಯಮ ನೋಡಬೇಕು. ಫೆಲೋಶಿಪ್ ನಿಲ್ಲುತ್ತದೆ, ಬರವಣಿಗೆ ನಿಧಾನವಾಗುತ್ತದೆ. ವಾರಕ್ಕೆ ಮೂರು ದಿನದಲ್ಲಿ ಪಾಠ ಮುಗಿಯುವ ಹಾಗೆ ಟೈಂಟೇಬಲ್ ಕೊಟ್ಟರೆ ಮಾತ್ರ ಒಪ್ಪಿಕೊಳ್ಳಿ. ಆರು ದಿನ ಬಸ್ಸಿನಲ್ಲಿ ಓಡಾಡಿಕೊಂಡು ಪ್ರಬಂಧ ಮುಗಿಸಿದವರನ್ನು ನಾನು ಕಂಡಿಲ್ಲ.

ಪಾಠದ ಅನುಭವ ಬೇಕು ಅನ್ನುವುದಾದರೆ ಅದಕ್ಕೂ ಒಂದು ದಾರಿ ಇದೆ. ಅದೇ 2022ರ ನಿಯಮದಲ್ಲಿ ಸಂಶೋಧನಾರ್ಥಿಗೆ ವಾರಕ್ಕೆ 4ರಿಂದ 6 ಗಂಟೆ ಬೋಧನೆ ಅಥವಾ ಸಂಶೋಧನೆಯ ಸಹಾಯಕ ಕೆಲಸ ಕೊಡಬಹುದು ಅಂತ ಇದೆ. ವಿಭಾಗದಲ್ಲಿ ಬರೆದು ಕೇಳಿ.

ಬಿಡುವು ತೆಗೆದುಕೊಳ್ಳುವುದೇ ಸೋಲು ಅಂತಲೂ ಅಂದುಕೊಳ್ಳಬೇಡಿ. ಬಾಬಾಸಾಹೇಬರು ಬರೋಡಾ ಸಂಸ್ಥಾನದ ವಿದ್ಯಾರ್ಥಿವೇತನದಲ್ಲಿ 1913ರಲ್ಲಿ ಕೊಲಂಬಿಯಾಕ್ಕೆ ಹೋದರು, ಅಲ್ಲಿಂದ ಲಂಡನ್ನಿಗೆ. ವಿದ್ಯಾರ್ಥಿವೇತನದ ಅವಧಿ ಮುಗಿದು 1917ರಲ್ಲಿ ಓದು ಅರ್ಧಕ್ಕೆ ಬಿಟ್ಟು ಬರಬೇಕಾಯಿತು. ಬರುವ ಮೊದಲು ಅವರು ಮಾಡಿದ ಒಂದು ಕೆಲಸ ಗಮನಿಸಿ. ನಾಲ್ಕು ವರ್ಷದೊಳಗೆ ವಾಪಸ್ ಬಂದು ಮುಂದುವರಿಸಲು ಲಂಡನ್ ವಿಶ್ವವಿದ್ಯಾಲಯದಿಂದ ಅನುಮತಿ ಪಡೆದುಕೊಂಡಿದ್ದರು. 1918ರಲ್ಲಿ ಮುಂಬೈನ ಸಿಡೆನ್‌ಹ್ಯಾಮ್ ಕಾಲೇಜಿನಲ್ಲಿ ಪ್ರಾಧ್ಯಾಪಕರಾದರು. ಸಂಬಳದಲ್ಲಿ ಉಳಿಸಿದರು, ಕೊಲ್ಹಾಪುರದ ಶಾಹು ಮಹಾರಾಜರ ನೆರವು ಸಿಕ್ಕಿತು, ಗೆಳೆಯರಿಂದ ಸಾಲ ತಂದರು. 1920ರಲ್ಲಿ ಲಂಡನ್ನಿಗೆ ಮರಳಿ 1923ರಲ್ಲಿ ಡಿಎಸ್‌ಸಿ ಪದವಿ ಪಡೆದರು. ನೀವೂ ಬಿಡುವು ತೆಗೆದುಕೊಳ್ಳುವುದಾದರೆ ಮೊದಲು ಕಾಗದ, ಆಮೇಲೆ ಬಿಡುವು. ಸುಮ್ಮನೆ ಬರುವುದು ನಿಲ್ಲಿಸಿ ನೋಂದಣಿ ರದ್ದಾದವರು ತುಂಬ ಜನ.

ನಿಮ್ಮ ಗಡುವು ಹೀಗಿದೆ. 2022ರ ನಿಯಮದಂತೆ ಪಿಎಚ್‌ಡಿ ಅವಧಿ ಕನಿಷ್ಠ 3 ವರ್ಷ, ಗರಿಷ್ಠ 6. ಮರುನೋಂದಣಿ ಮಾಡಿಸಿದರೆ ಇನ್ನೆರಡು ವರ್ಷ ಸಿಗಬಹುದು. ಮಹಿಳೆಯರಿಗೆ ಅದರ ಮೇಲೂ ಎರಡು ವರ್ಷ ಸಡಿಲಿಕೆ ಇದೆ, ಒಟ್ಟು 10 ಮೀರುವ ಹಾಗಿಲ್ಲ. ಹಾಗಾಗಿ ನೀವು ತಡ ಮಾಡಿದವರಲ್ಲ, ನಡುದಾರಿಯಲ್ಲಿ ಇದ್ದೀರಿ.

3,500 ರೂಪಾಯಿಯ ಪೇಪರ್ ಬೇಡ. ಸಂದರ್ಶನದ ಪಟ್ಟಿಯಲ್ಲಿ ಪೇಪರ್ ಒಂದಕ್ಕೆ 2 ಅಂಕ, ಗರಿಷ್ಠ 10. ಐದು ಒಳ್ಳೆಯ ಪೇಪರ್ ಆದರೆ ಅಲ್ಲಿಗೆ ಮುಗಿಯಿತು. ಪ್ರಬಂಧ ಸಲ್ಲಿಸುವ ಮೊದಲು ಪೇಪರ್ ಪ್ರಕಟವಾಗಲೇಬೇಕು ಅನ್ನುವ ಷರತ್ತನ್ನೂ ಯುಜಿಸಿ 2022ರಲ್ಲಿ ಕೈಬಿಟ್ಟಿದೆ. ನಿಮ್ಮ ವಿಶ್ವವಿದ್ಯಾಲಯ ತಾನೇ ಇಟ್ಟುಕೊಂಡಿದೆಯಾ ಅಂತ ಮಾತ್ರ ಕೇಳಿಕೊಳ್ಳಿ. ‘ಕೇರ್ ಲಿಸ್ಟ್ ಪತ್ರಿಕೆ’ ಅಂತ ಆಸೆ ಹುಟ್ಟಿಸುವವರಿಗೆ, ಒಪ್ಪಿತ ಸಂಶೋಧನಾ ಪತ್ರಿಕೆಗಳ ಆ ಪಟ್ಟಿಯನ್ನು ಯುಜಿಸಿ 2025ರ ಫೆಬ್ರವರಿಯಲ್ಲೇ ನಿಲ್ಲಿಸಿದೆ ಅಂತ ಹೇಳಿ. ಹತ್ತು ದಿನದಲ್ಲಿ ಯಾರೂ ಓದಿ ಪರಿಶೀಲಿಸಿ ಹಾಕಲು ಆಗುವುದಿಲ್ಲ. ನಾಳೆ ಸಂದರ್ಶನದಲ್ಲಿ ಕೂತವರು ಪತ್ರಿಕೆಯ ಹೆಸರು ನೋಡಿಯೇ ಪುಟ ಮಗುಚುತ್ತಾರೆ. ನಾನೂ ಆ ಕುರ್ಚಿಯಲ್ಲಿ ಕೂತಿದ್ದೇನೆ. ದುಡ್ಡು ಕೊಟ್ಟು ಹಾಕಿಸಿದ ಎಂಟು ಪೇಪರ್, ಒಳ್ಳೆಯ ಒಂದು ಪೇಪರನ್ನೂ ಅನುಮಾನಕ್ಕೆ ತಳ್ಳುತ್ತವೆ.

‘ಕೋಟಾ ಇದೆ ಬಿಡು’ ಅನ್ನುವವರಿಗೆ ಉತ್ತರ ಕೊಡುತ್ತಾ ಶಕ್ತಿ ಕಳೆದುಕೊಳ್ಳಬೇಡಿ. ಆದರೆ ನಿಜ ಏನು ಅಂತ ನಿಮಗೆ ಗೊತ್ತಿರಲಿ. ಕೇಂದ್ರೀಯ ವಿಶ್ವವಿದ್ಯಾಲಯಗಳಲ್ಲಿ ಮೀಸಲು ಬೋಧಕ ಹುದ್ದೆಗಳು ಖಾಲಿ ಉಳಿದಿರುವುದು ಸಂಸತ್ತಿನಲ್ಲಿ ಮತ್ತೆ ಮತ್ತೆ ಚರ್ಚೆಯಾಗಿದೆ. ಅರ್ಹತೆ ಇದ್ದವರನ್ನೂ ‘ಸೂಕ್ತ ಅಭ್ಯರ್ಥಿ ಸಿಗಲಿಲ್ಲ’ ಅಂತ ಬರೆದು ಕಳಿಸುತ್ತಾರೆ ಅನ್ನುವ ದೂರು ಬಹಳ ಹಳೆಯದು. ಇಡೀ ಸಂಸ್ಥೆಯನ್ನು ಬಿಟ್ಟು ಒಂದೊಂದು ವಿಭಾಗವನ್ನೇ ಘಟಕ ಮಾಡಿ ರೋಸ್ಟರ್ (ಯಾವ ಹುದ್ದೆ ಯಾರಿಗೆ ಮೀಸಲು ಅನ್ನುವ ಸರದಿ) ಲೆಕ್ಕ ಹಾಕಲು ಹೋದಾಗ ಮೀಸಲು ಹುದ್ದೆಗಳು ಕರಗಿದವು. ದೊಡ್ಡ ಹೋರಾಟ ಆಗಿ, 2019ರಲ್ಲಿ ಸಂಸತ್ತು ಕಾಯ್ದೆ ಮಾಡಿ ಕೇಂದ್ರದ ಸಂಸ್ಥೆಗಳಲ್ಲಿ ಅದನ್ನು ಸರಿಪಡಿಸಬೇಕಾಯಿತು. ಮೀಸಲಾತಿ ನಿಮ್ಮ ಹಕ್ಕು. ಅದು ಕೂತಲ್ಲಿಗೆ ಬಂದು ಬೀಳುವ ಕೆಲಸ ಅಲ್ಲ ಅನ್ನುವುದೂ ಅಷ್ಟೇ ನಿಜ. ಹೊರಗಿನ ಓದುಗರ ಮುಂದೆ ನಿಲ್ಲುವಂಥ ಬರವಣಿಗೆ ಕೈಯಲ್ಲಿ ಇರಲಿ.

ನಿಮ್ಮ ಪತ್ರದಲ್ಲಿ ನನ್ನನ್ನು ಜಾಸ್ತಿ ಕಾಡಿದ ಮಾತು ಆ ಪ್ರೊಫೆಸರ್ ಹೇಳಿದ್ದು. ‘ಇದು ನಿನ್ನದೇ ಕತೆ.’ ಹೆಸರಾಂತ ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್ ಮೈಸೂರಿನವರು. 1948ರಲ್ಲಿ ಮೈಸೂರು ಸೀಮೆಯ ಹಳ್ಳಿಗೇ ಹೋಗಿ ಕ್ಷೇತ್ರಕಾರ್ಯ ಮಾಡಿದರು. ಅವರ ಹಿರಿಯರ ಊರೂ ಆ ಸೀಮೆಯಲ್ಲೇ ಇತ್ತು. ಅದನ್ನು ನಾವು ಸಮಾಜಶಾಸ್ತ್ರ ಅಂತಲೇ ಓದುತ್ತೇವೆ, ಓದಬೇಕು ಕೂಡ. ಹಾಗಾದರೆ ಗುಳೆ ಹೋದ ಮನೆಯ ಮಗಳು ಗುಳೆಯ ಬಗ್ಗೆ ಬರೆದರೆ ಅದು ಮಾತ್ರ ಸ್ವಂತ ಕತೆ ಆಗುವುದು ಹೇಗೆ?

ಆದರೂ ಆ ಪ್ರಶ್ನೆಯಿಂದ ಒಂದು ಉಪಯೋಗ ಪಡೆದುಕೊಳ್ಳಿ. ನೀವು ಒಳಗಿನವರು ಅನ್ನುವುದನ್ನು ಮುಚ್ಚಿಡಬೇಡಿ. ವಿಧಾನದ ಅಧ್ಯಾಯದಲ್ಲಿ ಎರಡು ಪುಟ ಅದಕ್ಕೇ ಇಡಿ. ನಿಮಗೆ ಯಾವ ಮನೆ ಬಾಗಿಲು ಸುಲಭವಾಗಿ ತೆರೆಯಿತು, ಯಾವುದು ತೆರೆಯಲಿಲ್ಲ. ನಿಮ್ಮ ಅನುಭವಕ್ಕೆ ಹೊಂದದ ಮಾತು ಯಾರು ಹೇಳಿದರು, ಅದನ್ನು ಏನು ಮಾಡಿದಿರಿ. ಕಾಂಟ್ರಾಕ್ಟರನ ಹತ್ತಿರ ಮುಂಗಡ ಯಾವಾಗ ತೆಗೆದುಕೊಳ್ಳುತ್ತಾರೆ, ಶಾಲೆಯಲ್ಲಿ ಮಗುವಿನ ಹೆಸರು ಯಾವಾಗ ತೆಗೆಯುತ್ತಾರೆ, ಇವೆರಡರ ತಾರೀಖು ಪಕ್ಕಪಕ್ಕ ಇಟ್ಟು ನೋಡಿ. ಆ ತಾರೀಖುಗಳನ್ನು ಕೇಳಬೇಕು ಅಂತ ಹೊರಗಿನವರಿಗೆ ಹೊಳೆಯುವುದೇ ಇಲ್ಲ. ನಿಮಗೆ ಹೊಳೆಯುತ್ತದೆ. ಮುಂದಿನ ಸಲ ಆ ಪ್ರೊಫೆಸರ್ ಕೇಳಿದರೆ ಆ ಎರಡು ಕಾಲಂ ತೋರಿಸಿ.

ಇಂಗ್ಲಿಷ್ ಬಗ್ಗೆ. ಕನ್ನಡದಲ್ಲಿ ಯೋಚಿಸುವವರಿಗೆ ಸಂಶೋಧನೆ ಆಗುವುದಿಲ್ಲ ಅನ್ನುವುದು ಬರೀ ಮಾತು. ನಮ್ಮ ಹಲವು ವಿಶ್ವವಿದ್ಯಾಲಯಗಳಲ್ಲಿ ಪ್ರಬಂಧವನ್ನೇ ಕನ್ನಡದಲ್ಲಿ ಕೊಡಬಹುದು. ಆದರೆ ಇಂಗ್ಲಿಷ್ ಓದದೆ ಇದ್ದರೆ ನಷ್ಟ ನಿಮಗೇ, ಅದನ್ನು ಮುಚ್ಚಿಡುವುದಿಲ್ಲ. ನನ್ನ ವಿದ್ಯಾರ್ಥಿನಿಯೊಬ್ಬರು ಒಂದು ಕ್ರಮ ಇಟ್ಟುಕೊಂಡಿದ್ದರು. ದಿನಕ್ಕೆ ನಾಲ್ಕೇ ಪುಟ. ನೋಟ್‌ಬುಕ್ಕಿನ ಎಡಗಡೆ ಇಂಗ್ಲಿಷ್ ವಾಕ್ಯ, ಬಲಗಡೆ ‘ಇವರು ಹೇಳ್ತಿರೋದು ಏನಂದ್ರೆ’ ಅಂತ ಶುರುಮಾಡಿ ಆಡುಕನ್ನಡದಲ್ಲಿ ಅದರ ಅರ್ಥ. ಕೆಳಗೆ ಒಂದು ಗೆರೆ: ‘ನಾನು ಒಪ್ಪುತ್ತೇನಾ?’ ಎರಡು ವರ್ಷದಲ್ಲಿ ಅಂಥ ಒಂಬತ್ತು ನೋಟ್‌ಬುಕ್ ಆದವು. ಅವರ ಪ್ರಬಂಧದ ಎರಡನೇ ಅಧ್ಯಾಯ ಹುಟ್ಟಿದ್ದೇ ಆ ಕೆಳಗಿನ ಗೆರೆಗಳಿಂದ.

ಗೈಡ್ ಓದಿಲ್ಲ ಅಂದಿರಿ. ಇಡೀ ಅಧ್ಯಾಯ ಓದಿ ಅಂತ ಕೇಳಬೇಡಿ. ಐದು ಪುಟ ಕೊಟ್ಟು, ‘ಸರ್, ಈ ಎರಡು ಪ್ರಶ್ನೆಗೆ ನಿಮ್ಮ ಅಭಿಪ್ರಾಯ ಬೇಕು, ಗುರುವಾರ ಬರಲಾ?’ ಅಂತ ಕೇಳಿ. ಭೇಟಿಯಾದ ಸಂಜೆಯೇ ‘ಇವತ್ತು ನೀವು ಹೇಳಿದ್ದು ಇದು’ ಅಂತ ನಾಲ್ಕು ಸಾಲಿನ ಇಮೇಲ್ ಹಾಕಿ. ಇದು ದೂರು ಅಲ್ಲ, ನೆನಪಿಗೆ. ಮುಂದೆ ಬೇಕಾದರೆ ದಾಖಲೆಯೂ ಆಗುತ್ತದೆ. ಗೈಡ್ ಅಲ್ಲದೆ ಸಲಹಾ ಸಮಿತಿಯ ಸದಸ್ಯರೂ ಇದ್ದಾರೆ, ಅವರ ಹತ್ತಿರ ಓದಿಸಿ. ಜಾತಿಯ ಕಾರಣಕ್ಕೆ ಯಾರಾದರೂ ಅವಮಾನ ಮಾಡಿದರೆ ಅದು ಬೇರೆಯೇ ವಿಷಯ. ಸಮಾನ ಅವಕಾಶ ಘಟಕ ಇರಬೇಕು, ತಾರತಮ್ಯ ತಡೆಯಲು ಅಧಿಕಾರಿ ಇರಬೇಕು ಅಂತ ಯುಜಿಸಿ 2012ರಲ್ಲೇ ನಿಯಮ ಮಾಡಿದೆ. ಎಸ್‌ಸಿ ಎಸ್‌ಟಿ ಘಟಕವೂ ಇರುತ್ತದೆ. ದೂರು ಕೊಟ್ಟ ಮೇಲೆ ಸಹಿಗಳು ತಡವಾಗುವುದು, ಮುಖ ತಿರುಗಿಸುವುದು ನಡೆಯುತ್ತದೆ. ಹಾಗಾಗಿ ದಿನಾಂಕ, ಮಾತು, ಎದುರಿಗೆ ಇದ್ದವರು ಯಾರು ಅಂತ ಮೊದಲು ಬರೆದಿಟ್ಟುಕೊಳ್ಳಿ. ಜೊತೆಗೆ ನಿಲ್ಲುವ ಇಬ್ಬರನ್ನು ಹುಡುಕಿಕೊಂಡು ಆಮೇಲೆ ಹೆಜ್ಜೆ ಇಡಿ.

ಕೊನೆಗೆ ಅವ್ವನ ಪ್ರಶ್ನೆ. ‘ಮುಗಿಯೋದು ಯಾವಾಗ?’ ಅದಕ್ಕೆ ನಿಮ್ಮ ಹತ್ತಿರ ಉತ್ತರ ಇಲ್ಲದಿರುವುದೇ ನಿಮ್ಮನ್ನು ಜಾಸ್ತಿ ಸುಸ್ತು ಮಾಡಿದೆ ಅಂತ ನನಗೆ ಅನ್ನಿಸುತ್ತದೆ. ಕ್ಯಾಲೆಂಡರ್ ತೆಗೆದುಕೊಂಡು ಕೂತು ಅವರ ಎದುರೇ ಬರೆಯಿರಿ: ಈ ಅಧ್ಯಾಯ ಈ ತಿಂಗಳು, ನೆಟ್ ಈ ತಿಂಗಳು, ಸಲ್ಲಿಸುವುದು ಇಂಥ ವರ್ಷ ಇಂಥ ತಿಂಗಳು. ಹೆಚ್ಚುಕಡಿಮೆ ಆದರೆ ತಿದ್ದಿದರಾಯಿತು. ಆಮೇಲೆ ಗುಳೆಯ ಬಗ್ಗೆ ಬರೆದ ಅಧ್ಯಾಯದಲ್ಲಿ ಹತ್ತು ಪುಟ ಅವ್ವನಿಗೆ ಓದಿ ಹೇಳಿ. ಮುಂಗಡದ ಲೆಕ್ಕ, ಶೆಡ್ಡಿನ ವಿಷಯ, ಶಾಲೆಯ ಮಾತು. ‘ಹಂಗಲ್ಲ ಅದು’ ಅಂತ ಅವರು ಒಂದು ಕಡೆ ತಡೆದೇ ತಡೆಯುತ್ತಾರೆ. ಅಲ್ಲಿ ನಿಲ್ಲಿಸಿ, ಅವರು ಹೇಳಿದ್ದನ್ನು ಬರೆದುಕೊಳ್ಳಿ.